ಕೋಲ್ಡ್ ರೂಮಿನ ಹೆಸರು ಹೊತ್ತ ಸೆನ್ಸರು

ಹಾಲಿನ ಕಾರ್ಖಾನೆಯ ಸೆನ್ಸರುಗಳಿಗೆ ಸಾಫ್ಟ್‌ವೇರ್ ಲೈಬ್ರರಿ ಕಟ್ಟಿದವಳು ಅವಳೇ. ಒಂದೊಂದು ಸೆನ್ಸರು ಹೇಳಿದ್ದನ್ನು ಓದಿ ತಿಳಿಸೋಕೆ ಒಂದೊಂದು ಮಾಡ್ಯೂಲು. ಕೆಲಸದವರಿಗೆ ಸಲೀಸಾಗಲಿ ಅಂತ, ಸೆನ್ಸರು ಕೂತ ಜಾಗದ ಹೆಸರನ್ನೇ ಅದಕ್ಕೆ ಇಟ್ಟಿದ್ದಳು. ಆಮೇಲೆ ರಿಪೇರಿಯವರು, ಹಾಲು ತಂಪಾಗಿಡೋ ಕೋಲ್ಡ್ ರೂಮಲ್ಲಿ ಕಾವು ಅಳೆಯುತ್ತಿದ್ದ ಸೆನ್ಸರನ್ನು ಕಿತ್ತು ಬಾಯ್ಲರ್ ಕೋಣೆಯ ಗೋಡೆಗೆ ಕೂರಿಸಿದರು. ಸೆನ್ಸರು ಹೋಯಿತು, ಹೆಸರು ಹಾಗೇ ಉಳಿಯಿತು.

"ಹೆಸರು ಬದಲಾಯಿಸ್ತೀನಿ ಸಾರ್," ಅಂದಿದ್ದಳು ಮ್ಯಾನೇಜರಿಗೆ.

"ಆ ಹೆಸರು ಹಿಡಿದು ಕರೆಯೋ ಪ್ರೋಗ್ರಾಂಗಳೆಲ್ಲ ಮಕಾಡೆ ಮಲಗ್ತವೆ ಕಣಮ್ಮ. ಇರೋರಿಗೆಲ್ಲ ಗೊತ್ತಲ್ಲ, ಬಿಡು."

ಇದ್ದವರಿಗೇನೋ ಗೊತ್ತಿತ್ತು. ಹೊಸಬರಿಗೆ ಬಾಯಲ್ಲಿ ಹೇಳಿಕೊಡುತ್ತಿದ್ದರು. ಅಲಾರಂ ನೋಡಿಕೊಳ್ಳೋ ಕೆಲಸಕ್ಕೆ ಈ ಸಲ ಬಂದ ಹೊಸಬ ಅವಳ ಅಕ್ಕನ ಗಂಡ. ಮನೆಯವನೇ ಅಲ್ಲವಾ, ನಾದಿನಿ ಹೇಳಿರುತ್ತಾಳೆ ಅಂತ ಉಳಿದವರು ಸುಮ್ಮನಾದರು. ಅವರು ಹೇಳಿರುತ್ತಾರೆ ಅಂತ ಇವಳೂ ಸುಮ್ಮನಾದಳು.

ಮಧ್ಯಾಹ್ನ ರಸ್ತೆಯಾಚೆಯ ಆಫೀಸಿನಲ್ಲಿ ಅವಳ ಪರದೆ ಕೆಂಪಾಯಿತು. ಕೋಲ್ಡ್ ರೂಮ್ ಅನ್ನುವ ಹೆಸರಿನ ಮುಂದೆ ಕಾವು ಏರುತ್ತಲೇ ಇತ್ತು. ಫೋನು ಮಾಡಿದಳು.

"ಭಾವ, ಅಲಾರಂ ನೋಡಿದ್ರಾ?"

"ನೋಡ್ದೆ ತಾಯಿ. ಅದಕ್ಕೇ ಕೋಲ್ಡ್ ರೂಮಲ್ಲಿ ನಡುಗ್ತಾ ನಿಂತಿದೀನಿ. ಇಲ್ಲಿ ನನ್ನ ಮೀಸೆ ಹೆಪ್ಪುಗಟ್ತಿದೆ, ಪರದೆ ನೋಡಿದ್ರೆ ಕೋಲ್ಡ್ ರೂಮ್ ಕಾದಿದೆ ಅಂತಿದೆ! ನಿನ್ನ ಸೆನ್ಸರಿಗೇ ಜ್ವರ ಬಂದಿರ್ಬೇಕು. ಕಿವಿ ಕಿತ್ತುಹೋಗ್ತಿತ್ತು, ಅಲಾರಂ ಆಫ್ ಮಾಡಿಬಿಟ್ಟೆ."

"ಭಾವ, ಅದು ಬಾಯ್ಲರ್ ಕೋಣೇದು! ಓಡಿ!"

ಭಾವ ಫೋನು ಕಟ್ ಮಾಡಲಿಲ್ಲ. ಓಡುವ ಹೆಜ್ಜೆ ಕೇಳಿತು, ಕಬ್ಬಿಣದ ಬಾಗಿಲು ಕಿರುಗುಟ್ಟಿದ್ದು ಕೇಳಿತು, ಆಮೇಲೆ ಬುಸ್ಸೆನ್ನುವ ಹಬೆಯ ಸದ್ದೊಂದೇ.

ಬಾಯ್ಲರ್ ನೋಡಿಕೊಳ್ಳುವ ಮುದುಕನನ್ನು ಭಾವ ಹೊರಗೆ ಎಳೆದು ತಂದ. ಮುದುಕನ ಎರಡೂ ತೋಳು ಬೆಂದಿದ್ದವು. ಬಾಗಿಲ ಹಿಡಿಗೆ ಭಾವನ ಅಂಗೈ ಚರ್ಮ ಅಂಟಿಕೊಂಡಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಭಾವ, "ನೀನೇನು ಮಾಡ್ತೀಯ ಬಿಡು," ಅಂದ. ಅಕ್ಕ ಮಾತ್ರ ಮುಖ ತಿರುಗಿಸಿ ಕೂತಳು. ಮುದುಕನ ಹೆಂಡತಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಕಾವು ಏರಿದ್ರೆ ಕೂಗೋ ಮಿಷನ್ನು ಆ ಕೋಣೆಗೆ ಇರ್ಲಿಲ್ವೇನವ್ವ?"

"ಇತ್ತು."

"ಮತ್ತೆ? ಕೂಗ್ಲಿಲ್ವಾ?"

"ಕೂಗ್ತು ಕಣಮ್ಮ," ಅಂದಳು.

ಮಾರನೇ ಬೆಳಿಗ್ಗೆ ಆಫೀಸಿಗೆ ಬಂದವಳೇ ಮಾಡ್ಯೂಲುಗಳ ಹೆಸರಿಂದ ಜಾಗವನ್ನು ಕಿತ್ತುಹಾಕುತ್ತಾ ಕೂತಳು. ಏನು ಅಳೆಯುತ್ತದೆ ಅನ್ನುವುದು, ಸೆನ್ಸರಿನ ಬೆನ್ನ ಮೇಲಿನ ನಂಬರು, ಇಷ್ಟೇ ಹೆಸರು. ಜಾಗ ಬೇರೆ ಸಾಲಿನಲ್ಲಿ. ಸೆನ್ಸರು ಬೇರೆ ಕಡೆ ಹೋದರೆ ಆ ಸಾಲನ್ನಷ್ಟೇ ತಿದ್ದಿದರಾಯಿತು.

ಮ್ಯಾನೇಜರು ಓಡಿಬಂದರು. "ಎಲ್ಲಾ ನಿಂತುಹೋಗ್ತಿದೆ!"

"ನಿಲ್ಲಲಿ ಸಾರ್."

ಪರದೆಗಳು ಒಂದೊಂದಾಗಿ ಕಪ್ಪಾದವು. ನಿಂತ ಮೊದಲ ಪ್ರೋಗ್ರಾಂ ತೆರೆದು ಅವಳು ತಿದ್ದತೊಡಗಿದಳು. ಅಕ್ಕನಿಗೆ ಮಾಡಿದ್ದ ಫೋನು ಪಕ್ಕದಲ್ಲಿ ರಿಂಗಾಗುತ್ತಲೇ ಇತ್ತು. ಅತ್ತಲಿಂದ ಯಾರೂ ಎತ್ತಲಿಲ್ಲ.