ಮೂರು ಹಿಡಿ ಉಪ್ಪು

ಕೊಡಲಿಯ ಮೊದಲ ಏಟಿಗೇ ಮಾವಿನ ಮಿಡಿಗಳು ಅಂಗಳದ ತುಂಬ ಉದುರಿದವು. ಒಳಗೆ ತಾಯಿಯ ಹೆಣದ ಬಳಿ ಕುಳಿತಿದ್ದ ಹೇಮಾಕ್ಷಿ ಎದ್ದು ಓಡಿ ಬಂದಳು.

"ಮಾವ, ನಿಲ್ಲಿಸಿ. ಈ ಮರ ಬೇಡ ಅಂತ ಅಮ್ಮ ಹೇಳಿದ್ದಾರೆ."

ದುಗ್ಗಪ್ಪ ತಿರುಗಿ ನೋಡಿದ. ತಂಗಿ ಮುದ್ದು ಬೆಳಿಗ್ಗೆ ತೀರಿಕೊಂಡಳೆಂದು ತಿಳಿದಾಗಿನಿಂದ ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು. "ನನ್ನ ಹತ್ರ ಹೇಳ್ಲಿಲ್ಲ."

"ನನ್ನ ಹತ್ರ ಹೇಳಿದ್ರು. ಪೇಟೆಯಿಂದ ಸೌದೆ ತಂದ್ರೆ ಸಾಕು ಅಂತ."

"ಅಂಗಳದಲ್ಲಿ ಮಾವಿನ ಮರ ಇರುವಾಗ ಪೇಟೆಯ ಸೌದೆಯಲ್ಲಿ ಸುಡ್ಲಿಕ್ಕೆ ಅವಳೆಂತ ದಿಕ್ಕಿಲ್ಲದವಳಾ? ತಾಯಿಗೆ ಒಂದು ಮರ ಕೊಡ್ಲಿಲ್ಲ ಅಂತ ಇಡೀ ಪಡೀಲು ಊರು ನಿನ್ನನ್ನೇ ಹೇಳ್ತದೆ."

ಸತ್ತವರಿಗೆ ಮಾವಿನ ಮರ ಕಡಿಯುವುದು ಊರಿನ ಕ್ರಮ. ಮನೆಯಲ್ಲಿ ನಡೆಯುವುದು ಸೋದರಮಾವನ ಮಾತು. ಅವನು ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ತಂಗಿಗೆ ಕೊನೆಯದಾಗಿ ಮಾಡುವುದನ್ನು ಚೆನ್ನಾಗಿ ಮಾಡಬೇಕೆಂದು ಹಂಬಲಿಸುವವನ ಮುಂದೆ ಏನು ಹೇಳುವುದು? ಹೇಮಾಕ್ಷಿ ಒಳಗೆ ಹೋದಳು. ಎರಡನೆಯ ಏಟು ಬಿತ್ತು.

*

ಹಿಂದೆ ಅಂಗಳದಲ್ಲಿ ಎರಡು ಮರಗಳಿದ್ದವು. ಮುದ್ದುವಿನ ಗಂಡ ಚನಿಯ ಸತ್ತಾಗ ಒಂದು ಅವನೊಂದಿಗೆ ಹೋಯಿತು. ಉಳಿದ ಕಾಟುಮಾವಿನ ಮರವೊಂದರಿಂದ ಅವಳು ಇಪ್ಪತ್ತು ವರ್ಷ ಸಂಸಾರ ತೂಗಿಸಿದಳು. ಮಿಡಿಯನ್ನು ತೊಟ್ಟು ಸಮೇತ ಕೊಯ್ದು ಅದೇ ದಿನ ಉಪ್ಪಿಗೆ ಹಾಕುವಳು. ಅಳತೆಯೆಂದರೆ ಅವಳ ಕೈ, ಸೇರಿಗೆ ಮೂರು ಹಿಡಿ. ಮಣ್ಣಗುಡ್ಡದ ಹೆಂಚಿನ ಕಾರ್ಖಾನೆಯ ಹೆಂಗಸರಿಗೆ ಗಂಜಿಯ ಜೊತೆ ಮುದ್ದುವಿನ ಮಿಡಿಯೇ ಆಗಬೇಕಿತ್ತು.

ಹೋದ ವರ್ಷ ಭರಣಿಯ ಬಾಯಿ ಕಟ್ಟುತ್ತಾ ಅವಳು ಹೇಳಿದ್ದಳು: "ನಾನು ಹೋದ್ರೆ ಈ ಮರ ಕಡಿಯಲಿಕ್ಕೆ ಬಿಡ್ಬೇಡ. ನನ್ನನ್ನು ಸುಡುವುದು ಒಂದು ದಿನ. ನಿನಗೆ ದಿನಾ ಉಣ್ಲಿಕ್ಕೆ ಬೇಕಲ್ಲ."

"ಮಾವನ ಹತ್ರ ನೀವೇ ಹೇಳಿ."

"ಹೇಳ್ತೇನೆ. ನಾಡಿದ್ದು ಬರ್ತಾನಲ್ಲ."

ದುಗ್ಗಪ್ಪ ಬಂದ, ಉಂಡ, ಹೋದ. ಅಣ್ಣ ಖುಷಿಯಲ್ಲಿ ಉಣ್ಣುವಾಗ ಸಾವಿನ ಮಾತೆತ್ತಲು ಮುದ್ದುವಿಗೆ ಮನಸ್ಸು ಬರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಮರ ಅಡ್ಡಬಿದ್ದಿತ್ತು. ಪಕ್ಕದ ಕ್ರೈಸ್ತರ ಮನೆಯ ಫ್ಲಾವಿಯಾ ಬಾಯಿ ಅಂಗಳಕ್ಕೆ ಬಂದು, ಗೆಲ್ಲಿನಲ್ಲಿ ಇನ್ನೂ ನೇತಾಡುತ್ತಿದ್ದ ಮಿಡಿಗಳನ್ನು ನೋಡಿದರು.

"ಇದನ್ನೆಲ್ಲ ಇವತ್ತೇ ಉಪ್ಪಿಗೆ ಹಾಕ್ಬೇಕಲ್ಲ ಹೇಮಾಕ್ಷಿ. ನಾಳೆಗೆ ಬಾಡ್ತದೆ."

"ಸೂತಕ, ಬಾಯಿ. ಬೊಜ್ಜದ ಉತ್ತರಕ್ರಿಯೆ ಆಗುವವರೆಗೆ ನಾನು ಭರಣಿ ಮುಟ್ಟುವ ಹಾಗಿಲ್ಲ. ಮುಟ್ಟಿದ್ರೆ ಹುಳ ಆಗ್ತದಂತೆ."

"ನಮಗೆ ಆ ಸೂತಕ ಇಲ್ಲವಲ್ಲ. ನಾನು ಹಾಕ್ತೇನೆ." ಅವರು ಸೆರಗು ಸಿಕ್ಕಿಸಿ, ಒಂದೊಂದನ್ನೇ ತೊಟ್ಟು ಮುರಿಯದಂತೆ ಬಿಡಿಸಿ ಬುಟ್ಟಿಗೆ ಹಾಕಿದರು.

ಹೆಣವನ್ನು ಮೀಯಿಸುವಾಗ ಹೇಮಾಕ್ಷಿ ತಾಯಿಯ ಕೈಗಳನ್ನು ತಿಕ್ಕಿ ತೊಳೆದಳು. ಉಪ್ಪಿಗೆ ಒಡೆದ ಬಿರುಕುಗಳು ಹಾಗೆಯೇ ಇದ್ದವು. ಆಮೇಲೆ ಯಾರೋ ಎರಡು ಹೆಬ್ಬೆರಳುಗಳನ್ನು ಸೇರಿಸಿ ನೂಲಿನಿಂದ ಕಟ್ಟಿದರು. ಗಂಡಸರು ಎತ್ತಿಕೊಂಡು ಹಿತ್ತಿಲಲ್ಲಿ ಒಟ್ಟಿದ್ದ ಚಿತೆಗೆ ಒಯ್ದರು.

ಹಸಿ ಮರ ಬೇಗ ಹಿಡಿಯಲಿಲ್ಲ. ದುಗ್ಗಪ್ಪ ಮತ್ತೆ ಮತ್ತೆ ತೆಂಗಿನ ಗರಿ ತುರುಕುತ್ತಿದ್ದ. ಕೊನೆಗೆ ಬೆಂಕಿ ಎದ್ದಿತು. ಅವನು ಅಲ್ಲೇ ನೆಲಕ್ಕೆ ಕುಕ್ಕರಿಸಿ, "ದೊಡ್ಡ ಮರ ಕೊಟ್ಟೆ ತಂಗೀ" ಎಂದು ಅತ್ತ.

ಬೇಲಿಯ ಆಚೆಯಿಂದ ಫ್ಲಾವಿಯಾ ಬಾಯಿ ಕರೆದರು. ತಮ್ಮ ಜಗಲಿಯಲ್ಲಿ ಭರಣಿ, ಮಿಡಿ, ಉಪ್ಪು ಎಲ್ಲ ಇಟ್ಟುಕೊಂಡಿದ್ದರು. "ಉಪ್ಪು ಎಷ್ಟು ಹಾಕುವುದು?"

"ಸೇರಿಗೆ ಮೂರು ಹಿಡಿ."

ಬಾಯಿ ಉಪ್ಪಿಗೆ ಕೈ ಹಾಕಿ, ತಮ್ಮ ಅಗಲವಾದ ಅಂಗೈಯನ್ನೇ ನೋಡಿದರು. "ನನ್ನ ಹಿಡಿಯಾ?"

"ಅಲ್ಲ. ಅಮ್ಮನದ್ದು."

"ಅದು ಎಷ್ಟು, ತೋರಿಸು."

ಹೇಮಾಕ್ಷಿ ಬೇಲಿಯ ಈಚೆ ನಿಂತು ಕೈಯೆತ್ತಿ ಮುಷ್ಟಿ ಮಾಡಿದಳು. ದೊಡ್ಡದಾಯಿತು. ಬೆರಳು ಒಳಗೆ ಮಡಚಿದಳು. ಅದೂ ಸರಿಯೆನಿಸಲಿಲ್ಲ. ಹಿತ್ತಿಲ ಹೊಗೆ ಇಬ್ಬರ ನಡುವೆ ಹಾದು ಹೋಗುತ್ತಿತ್ತು. ಫ್ಲಾವಿಯಾ ಬಾಯಿ ಭರಣಿಯ ಮೇಲೆ ಉಪ್ಪು ಹಿಡಿದುಕೊಂಡು ಕಾಯುತ್ತಿದ್ದರು. ಹೇಮಾಕ್ಷಿ ಬರಿಗೈಯನ್ನು ಬಿಡಿಸಿದಳು, ಮತ್ತೆ ಮಡಚಿದಳು.