ಚುಕ್ಕಿಯಿಟ್ಟ ಲೋಟ

ಹಿಂದೂಪುರದ ನೇಕಾರರ ಬೀದಿಗೆ ಬೆಳಗಾಗುವುದು ಮಗ್ಗದ ಸದ್ದಿನಿಂದ. ಗಂಗಾದೇವಿಯವರ ಮನೆಯಲ್ಲಿ ಅದಕ್ಕೂ ಮೊದಲು ಲೋಟಗಳ ಸದ್ದು ಕೇಳುತ್ತಿತ್ತು. ತೊಳೆದ ಸ್ಟೀಲ್ ಲೋಟಗಳನ್ನು ಅವರೇ ಅಡುಗೆಮನೆಯ ಗೂಡಿನಲ್ಲಿ ಬೋರಲು ಹಾಕಿ ಜೋಡಿಸುವರು. ಯಾವ ಲೋಟ ಯಾರ ಕೈಗೆ ಹೋಯಿತೆಂದು ನೋಡಿಕೊಳ್ಳುವವರೂ ಅವರೇ.

ಅವರ ಸೊಸೆ ಯಶೋದಾ ಇಸ್ರೇಲಿನಿಂದ ಮರಳಿ ಕೆಲವೇ ದಿನಗಳಾಗಿದ್ದವು. ಅಲ್ಲಿ ಮಜಲ್ ಎಂಬ ಮುದುಕಿಗೆ ಸ್ನಾನ ಮಾಡಿಸಿ, ಉಣಿಸಿ, ಗಾಲಿಕುರ್ಚಿ ತಳ್ಳಿ ವರ್ಷಗಳನ್ನೇ ಕಳೆದಿದ್ದಳು. ಹಾಲು ಕುಡಿಯುವ ಕೂಸಾಗಿದ್ದಾಗ ಬಿಟ್ಟುಹೋಗಿದ್ದ ಮಗಳು ಮೌನಿಕಾ ಈಗ ಶಾಲೆಗೆ ಹೋಗುವ ಹುಡುಗಿ. ಪರದೇಶದ ಮುದುಕಿಗೆ ತುತ್ತಿಡುವಾಗಲೆಲ್ಲ ಯಶೋದಾಳ ಕಣ್ಣ ಮುಂದೆ ಇದ್ದದ್ದು ಆ ಮಗುವಿನ ಬಾಯಿ.

ಆದರೆ ಬಂದ ಮೇಲೆ ಒಂದು ತುತ್ತೂ ಇಡಲಾಗಿರಲಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಮಗುವನ್ನು ಯಾರೋ ಅಂಗಡಿಗೆ ಕಳಿಸಿರುತ್ತಿದ್ದರು, ಇಲ್ಲವೇ ಅತ್ತೆ ಮೊದಲೇ ಉಣಿಸಿಬಿಟ್ಟಿರುತ್ತಿದ್ದರು. ಇನ್ನೊಂದು ಸಂಗತಿಯೂ ಅವಳನ್ನು ಕೊರೆಯುತ್ತಿತ್ತು. ಅವಳ ಲೋಟದ ಅಂಚಿನಲ್ಲಿ ಉಗುರುಬಣ್ಣದ ಒಂದು ಕೆಂಪು ಚುಕ್ಕಿ. ಅಂಗಡಿಯವನ ಗುರುತಿರಬೇಕೆಂದು ಸುಮ್ಮನಾಗಿದ್ದಳು. ತಟ್ಟೆಯ ಅಡಿಯಲ್ಲೂ ಅದೇ ಚುಕ್ಕಿ ಕಂಡಾಗ ಗಂಡ ದಯಾನಂದ್‌ನನ್ನು ಕೇಳಿದಳು. ಮಗ್ಗದ ಮೋಟಾರು ಬಿಸಿಯಾಗಿದೆಯೆಂದು ಅವನು ಎದ್ದುಹೋದ. ಮೋಟಾರು ತಣ್ಣಗೇ ಇತ್ತು.

ಒಂದು ಮಧ್ಯಾಹ್ನ ಶಾಲೆಯಿಂದ ಬಾಯಾರಿ ಬಂದ ಮೌನಿಕಾಳಿಗೆ ತಾಯಿ ತನ್ನ ಲೋಟವನ್ನೇ ನೀಡಿದಳು. ಮಗು ಬಗ್ಗಿ ಅಂಚು ನೋಡಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು.

“ಚುಕ್ಕಿ ಲೋಟ ಮುಟ್ಟಬ್ಯಾಡ ಅಂದವ್ಳೆ ಜೇಜಿ. ನಿನ್ನ ಕೈಲಿ ಉಣ್ಣಂಗೂ ಇಲ್ವಂತೆ. ಅಯ್ನೋರು ಬಂದು ನಿನ್ನ ಚೊಕ್ಕ ಮಾಡಿದ್ಮೇಲೆ ಉಣ್ಬೋದಂತೆ.”

ಜೇಜಿ ಎಂದರೆ ಅಜ್ಜಿ, ಗಂಗಾದೇವಿ. ಯಶೋದಾಳಿಗೆ ಈಗ ಎಲ್ಲವೂ ತಿಳಿಯಿತು.

ಬಂದ ಹೊಸದರಲ್ಲಿ ಅವಳೇ ಅತ್ತೆಗೆ ಆ ದೇಶದ ಕಥೆ ಹೇಳಿದ್ದಳು. ಮಜಲ್‌ಳ ಮಕ್ಕಳಲ್ಲಿ ಒಬ್ಬ ಪ್ರತಿ ಶನಿವಾರ ಬಾವುಟ ಹಿಡಿದು ಸರ್ಕಾರದ ವಿರುದ್ಧ ಮೆರವಣಿಗೆಗೆ ಹೋಗುವವನು. ಇನ್ನೊಬ್ಬ ದೈವಭಕ್ತ, ಅಣ್ಣನನ್ನು ದೇಶದ್ರೋಹಿ ಎನ್ನುವವನು. ಹಬ್ಬದಲ್ಲೂ ಇಬ್ಬರೂ ಒಂದು ಮೇಜಿಗೆ ಕೂರುತ್ತಿರಲಿಲ್ಲ, ಮುದುಕಿ ನಡುವೆ ಒಬ್ಬಳೇ ಉಣ್ಣುತ್ತಿದ್ದಳು. ಆ ಮನೆಗೆ ಬರುತ್ತಿದ್ದ ನರ್ಸು ತಿಗಿಸ್ತ್. ಅವಳ ತಾಯ್ತಂದೆ ಇಥಿಯೋಪಿಯಾದಿಂದ ಬಂದ ಕಪ್ಪು ಯೆಹೂದಿಗಳು. ತಿಗಿಸ್ತ್‌ಳ ತಾಯಿ ಆಸೆಪಟ್ಟು ರಕ್ತದಾನ ಮಾಡಿದ್ದಳಂತೆ. ಅವರ ಜನ ಕೊಟ್ಟ ರಕ್ತವನ್ನು ರೋಗದ ಭಯದಿಂದ ಗುಟ್ಟಾಗಿ ಚೆಲ್ಲುತ್ತಿದ್ದರೆಂದು ಆಮೇಲೆ ಹೊರಬಿತ್ತು. ಮುಂದೆ ಅವರ ಹುಡುಗನೊಬ್ಬ ಪೊಲೀಸಿನವನ ಗುಂಡಿಗೆ ಸತ್ತಾಗ ಊರೂರಿನಲ್ಲೂ ಅವರ ಜನ ರಸ್ತೆಗೆ ಅಡ್ಡ ಕೂತರು. ತಿಗಿಸ್ತ್ ಕೂಡ ನರ್ಸಿನ ಬಟ್ಟೆಯಲ್ಲೇ ಹೋಗಿ ಕೂತಿದ್ದಳು.

“ಪಾಪಂ,” ಎಂದು ಗಂಗಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. “ಅದೇ ದೇವ್ರು, ಅದೇ ಪೂಜೆ. ಚೆಲ್ಲಾಕೆ ಮನ್ಸೆಂಗ್ ಬಂತೋ.”

ಅಷ್ಟರಲ್ಲಿ ರೇಷ್ಮೆ ನೂಲು ಸುತ್ತುವ ಮುನಿಯಕ್ಕ ಹೊರಗಿನಿಂದ ನೀರು ಕೇಳಿದ್ದಳು. ಮಗ್ಗದ ಕೊಟ್ಟಿಗೆಯ ಹೊರಗೋಡೆಯ ಗೂಡಿನಲ್ಲಿ ಅವಳ ಲೋಟ ಇರುತ್ತದೆ. ಅವಳೇ ತೊಳೆದು ಅಲ್ಲೇ ಇಡಬೇಕು. ಗಂಗಾದೇವಿ ಎದ್ದು, ಚೊಂಬನ್ನು ಮೇಲೆತ್ತಿ, ತಾಗದಂತೆ ನೀರು ಹುಯ್ದು ಬಂದು ಕೂತರು. ಕಣ್ಣು ಇನ್ನೂ ಒದ್ದೆಯಾಗಿಯೇ ಇತ್ತು. ಆ ನರ್ಸಿನ ಮನೆಯಲ್ಲಿ ಉಂಡದ್ದುಂಟೇ ಎಂದು ಮೆಲ್ಲಗೆ ಕೇಳಿದರು. ಉಂಡಿದ್ದೇನೆ, ಹುಳಿ ದೋಸೆಯಂಥದ್ದು, ಎಲ್ಲರೂ ಒಂದೇ ತಟ್ಟೆಗೆ ಕೈಹಾಕಿ ಉಣ್ಣುತ್ತಾರೆ ಎಂದು ಯಶೋದಾ ಸಂತೋಷದಿಂದಲೇ ಹೇಳಿದ್ದಳು. ಮರುದಿನ ಬೆಳಿಗ್ಗೆ ಲೋಟಕ್ಕೆ ಚುಕ್ಕಿ ಬಿದ್ದಿತ್ತು.

ಗಂಗಾದೇವಿ ಕೆಟ್ಟವರಲ್ಲ. ಕಾಯಿಲೆಬಿದ್ದ ಮುನಿಯಕ್ಕನಿಗೆ ಗಂಜಿ ಕಳಿಸಿದವರು. ಗಂಜಿಯನ್ನು ಹೊರಗಿನ ಪಾತ್ರೆಯಲ್ಲೇ ಕಳಿಸಿದ್ದರು.

ಮಗು ಲೋಟ ಮುಟ್ಟದ ಆ ದಿನವೇ ಸಂಜೆ ಯಶೋದಾ ಒಳಗಿನ ಲೋಟದಲ್ಲಿ ಕಾಫಿ ತಂದು ಮುನಿಯಕ್ಕನ ಮುಂದಿಟ್ಟಳು. ಮುನಿಯಕ್ಕ ಲೋಟವನ್ನು ನೋಡಿದಳು, ಯಶೋದಾಳ ಮುಖ ನೋಡಿದಳು, ಕೈ ಚಾಚಲಿಲ್ಲ.

“ನನ್ನ ಯಾಕಮ್ಮ ನಡುಕ್ಕೆ ಎಳೀತೀಯ? ನೀನು ಇಮಾನ ಹತ್ತಿ ಹೋಯ್ತೀಯ. ನಾನು ನಾಳೆ ಇದೇ ಬಾಗ್ಲಿಗೆ ಬರ್ಬೇಕು ಕಣಮ್ಮ.”

ಆ ಕಾಫಿ ಆರಿಹೋಯಿತು. ಇದರಲ್ಲಿ ಪಣಕ್ಕಿಡುವುದಾದರೆ ತನ್ನದನ್ನೇ ಇಡಬೇಕು, ಮುನಿಯಕ್ಕನ ಕೂಲಿಯನ್ನಲ್ಲ ಎಂದು ಯಶೋದಾಳಿಗೆ ಹೊಳೆದದ್ದು ಆಗಲೇ.

ಶುದ್ಧಿಯ ದಿನ ಮಗು ಹೇಳಿದ ಅಯ್ನೋರು, ಕುಲದ ಹಿರಿಯ ರಾಮಲಿಂಗಯ್ಯ ಬಂದರು. ಕಲ್ಯಾಣದುರ್ಗದ ಬಸ್ಸಿಳಿದು ಯಶೋದಾಳ ತಾಯಿ ಗಂಗುಲಮ್ಮನೂ ಬಂದಳು. ತನ್ನ ಪಕ್ಷಕ್ಕೆ ಒಬ್ಬರಾದರಲ್ಲ ಎಂದುಕೊಂಡ ಮಗಳಿಗೆ ತಾಯಿಯ ಚೀಲದಲ್ಲಿ ಕಂಡದ್ದು ಪಂಚಗವ್ಯಕ್ಕೆಂದೇ ತಂದ ತಾಮ್ರದ ಗಿಂಡಿ. ಹಾಗಾದರೆ ಫೋನಿನಲ್ಲಿ ಎಲ್ಲವೂ ಮೊದಲೇ ನಿಶ್ಚಯವಾಗಿತ್ತು.

ಸಮುದ್ರ ದಾಟಿದವಳು ಯಾರ್ಯಾರ ಎಂಜಲು ಮುಟ್ಟಿದ್ದಾಳೋ, ಒಂದು ಗುಟುಕಿನಲ್ಲಿ ಎಲ್ಲ ಕಳೆಯುತ್ತದೆ ಎಂದು ರಾಮಲಿಂಗಯ್ಯ ಸಮಾಧಾನ ಹೇಳಿದರು. ಗಂಗುಲಮ್ಮ ಮಗಳ ಕಿವಿಯಲ್ಲಿ, “ಮಗು ಬೇಕೋ, ಹಟ ಬೇಕೋ?” ಎಂದಳು.

ಯಶೋದಾ ಅತ್ತೆಯ ಕಡೆ ತಿರುಗಿದಳು. “ತಿಗಿಸ್ತ್ ತಾಯಿ ಕೊಟ್ಟ ರಕ್ತ ಚೆಲ್ಲಿದ್ದಕ್ಕೆ ನೀವು ಅತ್ರಿ ಅತ್ತೆ. ಮುನಿಯಕ್ಕಂಗೆ ಎತ್ರದಿಂದ ನೀರು ಹುಯ್ದಾಗ ಯಾರೂ ಅಳ್ಲಿಲ್ಲ.”

“ಅದೂ ಇದೂ ಒಂದೇನೇ? ಇದು ಹಿಂದ್ಲಿಂದ ಬಂದಿದ್ದು.”

“ಅಲ್ಲಿ ರೋಗ ಅಂದ್ರು, ಇಲ್ಲಿ ಮಡಿ ಅಂತೀರ. ಚೆಲ್ಲಿಸ್ಕೊಂಡೋರ್ಗೆ ಎರಡೂ ಒಂದೇ ಅತ್ತೆ. ಇದೇ ಮನೇಲಿ ನನಗಾಗಿದ್ದೂ ಅದೇ.”

ಅವಳು ಗಿಂಡಿಯನ್ನು ಮುಟ್ಟಲಿಲ್ಲ. ಚುಕ್ಕಿಯ ಲೋಟವನ್ನೂ ತಟ್ಟೆಯನ್ನೂ ತೆಗೆದುಕೊಂಡು ಹೊರಗೆ ನಡೆದು, ಲೋಟವನ್ನು ಹೊರಗೋಡೆಯ ಗೂಡಿನಲ್ಲಿ ಮುನಿಯಕ್ಕನ ಲೋಟದ ಪಕ್ಕದಲ್ಲಿಟ್ಟಳು.

“ಮುನಿಯಕ್ಕನ ಲೋಟ ಒಳಗೆ ಬರೋ ದಿನ ನನ್ನದೂ ಬತ್ತದೆ. ಅಲ್ಲೀಗಂಟ ನಾನು ಇಲ್ಲೇ ಉಣ್ತೀನಿ.”

ಮಧ್ಯಾಹ್ನ ಕೊಟ್ಟಿಗೆಯ ಜಗಲಿಯಲ್ಲಿ ಅನ್ನಕ್ಕೆ ಸಾರು ಕಲಸಿಕೊಂಡು ಕೂತಳು. ಮೌನಿಕಾ ಹೊಸಿಲ ಮೇಲೆ ನಿಂತು ತಾಯಿಯನ್ನೂ ಜೇಜಿಯನ್ನೂ ನೋಡಿದಳು, ಒಳಗೆ ಹೋದಳು. ಯಶೋದಾ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಸೋತೆನೇನೋ, ಮಗುವನ್ನೇ ಕಳೆದುಕೊಂಡೆನೇನೋ ಎಂದು ಮಧ್ಯಾಹ್ನವಿಡೀ ಹೆದರಿದಳು. ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಮುನಿಯಕ್ಕ ತನ್ನ ಚಾಪೆಯ ತುದಿಯನ್ನು ಅವಳ ಕಡೆಗೆ ಸರಿಸಿದಳು.

ದೀಪ ಹಚ್ಚುವ ಹೊತ್ತಿಗೆ ಗಂಗಾದೇವಿ ಎಂದಿನಂತೆ ಲೋಟಗಳನ್ನು ಜೋಡಿಸುವುದು ಕೇಳಿಸಿತು. ಸದ್ದು ಅರ್ಧದಲ್ಲೇ ನಿಂತಿತು. ಗಿಣಿಯ ಚಿತ್ರವಿದ್ದ ಮೊಮ್ಮಗಳ ಲೋಟ ಕಾಣದೆ ಅವರು ಹುಡುಕುತ್ತ ಬಾಗಿಲಿಗೆ ಬಂದರು.

ಅದು ಹೊರಗೋಡೆಯ ಗೂಡಿನಲ್ಲಿತ್ತು, ಚುಕ್ಕಿಯ ಲೋಟಕ್ಕೆ ಒತ್ತಿಕೊಂಡು. ಜಗಲಿಯ ಮೇಲೆ ಮೌನಿಕಾ ಕಣ್ಣು ಮುಚ್ಚಿ ಬಾಯಿ ತೆರೆದು ಕೂತಿದ್ದಳು. ಅತ್ತೆಯ ನೆರಳು ತಟ್ಟೆಯ ಮೇಲೆ ಬಿದ್ದದ್ದು ಯಶೋದಾಳಿಗೆ ಕಂಡಿತು. ಅವಳ ಕೈ ಹಿಂದೆ ಸರಿಯಲಿಲ್ಲ. ತುತ್ತು ಮಗುವಿನ ಬಾಯಿ ಸೇರಿತು. ಗಂಗಾದೇವಿ ಬಾಗಿಲಲ್ಲಿ ನಿಂತೇ ಇದ್ದರು. ಮೊಮ್ಮಗಳನ್ನು ಒಳಗೆ ಕರೆಯಲಿಲ್ಲ.