ಎಡಕ್ಕೆ ತಿರುಗಿಸಿದ್ದು ಯಾರು

ಆ ಕೊಳಾಯಿ ಸಾಮಾನಿನ ಅಂಗಡಿಯಲ್ಲಿ ತಪ್ಪು ಯಾವತ್ತೂ ಮನುಷ್ಯರದಾಗಿರಲಿಲ್ಲ, ಪೈಪಿನದಾಗಿರುತ್ತಿತ್ತು. ಭಾವ ಕೂಡಿಸಿದ ಜಾಯಿಂಟು ಸೋರಿದರೆ ಪೈಪು ಕಳಪೆ, ಭಾವ ಬಿಗಿದ ನಲ್ಲಿಯ ಕುತ್ತಿಗೆ ಮುರಿದರೆ ನಲ್ಲಿಗೆ ತುಕ್ಕು. ಗಿರಾಕಿ ಸಿಟ್ಟಾಗಿ ಬಂದಾಗ ‘ತುಕ್ಕು ಸ್ವಾಮಿ, ತುಕ್ಕು’ ಎಂದು ಮೊದಲು ಬಾಯಿ ಬಿಡಬೇಕಾದವಳು ಕೌಂಟರಿನಲ್ಲಿ ಕೂರುವ ಕಿರಿಸೊಸೆ, ಭಾವನ ತಮ್ಮನ ಹೆಂಡತಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಹೆಂಗಸಿನ ತಲೆಗೆ ಕಟ್ಟಿದವರು ಈ ಅಂಗಡಿಯನ್ನು ನೋಡಿರಲಿಲ್ಲ, ಅಷ್ಟೇ. ಮದುವೆಯಾಗಿ ಬಂದಾಗಿನಿಂದ ಅದನ್ನೇ ಹೇಳಿ ಹೇಳಿ ಅವಳ ಬಾಯಿ ಸವೆದಿತ್ತು.

ಅವಳಿಗೊಂದು ಸೈಕಲ್ ಇತ್ತು. ದಪ್ಪ ಟೈರಿನ, ಗುಡ್ಡ ಹತ್ತುವ ಸೈಕಲ್. ಮಾಸಲು ಹಸಿರು ಬಣ್ಣದ ಉಕ್ಕಿನ ಫ್ರೇಮು. ಮದುವೆಗೆ ಮುಂಚೆ ತನ್ನ ದುಡಿಮೆಯಲ್ಲೇ ಕೊಂಡದ್ದು. ನೀರಿನ ಟ್ಯಾಂಕಿನ ಗುಡ್ಡವನ್ನು ಅದರ ಮೇಲೆ ಹತ್ತಿ, ತುದಿಯಲ್ಲಿ ಟ್ಯಾಂಕಿಗೆ ಒರಗಿ ಏದುಸಿರು ಬಿಡುತ್ತ ನಗುತ್ತಿದ್ದ ಹುಡುಗಿ ಅವಳು. ಮದುವೆಯಾದ ಮೇಲೆ ಎಲ್ಲರೂ ‘ಹೊಂದಿಕೊಂಡು ಹೋಗಮ್ಮ’ ಎಂದರು. ಹೊಂದಿಕೊಂಡಳು. ಸೈಕಲ್ ಗೋದಾಮಿನ ಗೋಡೆಯಲ್ಲಿ ನೇತುಬಿತ್ತು, ಅದರ ಮೇಲೆ ಪೈಪಿನ ಸುರುಳಿಗಳು ಬಿದ್ದವು. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ಅವಳು ಸುರುಳಿಗಳನ್ನು ಸರಿಸಿ ಅದನ್ನು ಕೆಳಗಿಳಿಸಿದಳು. ಇಷ್ಟು ಕಾಲ ತಾನು ಎಲ್ಲದಕ್ಕೂ ಹೊಂದಿಕೊಂಡದ್ದಾಯಿತು, ಇನ್ನು ತನಗೆ ಹೊಂದುವ ಒಂದೇ ಒಂದು ವಸ್ತು ಈ ಮನೆಯಲ್ಲಿರಲಿ ಎಂಬುದು ಅವಳ ಹಟ.

ಹಳೆಯ ಸೈಕಲ್ಲಿಗೆ ಬಿಡಿಭಾಗ ಹುಡುಕುವುದು ಸಂಬಂಧ ಕುದುರಿಸುವುದಕ್ಕಿಂತ ಕಷ್ಟ. ಹೊಸ ಅಂಗಡಿಯವನು ಕೊಟ್ಟ ಸೀಟಿನ ಕಂಬ ಫ್ರೇಮಿನ ಬಾಯಲ್ಲೇ ನಿಂತಿತು.

“ಸ್ವಲ್ಪ ಉಪ್ಪುಕಾಗದ ಹಾಕಿ ಉಜ್ಜಿಬಿಡಿ ಮೇಡಂ, ಹೋಗುತ್ತೆ,” ಎಂದ ಅವನು.

ಬೆಳಗಿನಿಂದ ಸಂಜೆವರೆಗೆ ಪೈಪಿನ ಅಳತೆ ನೋಡುವವಳಿಗೆ ಈ ಮಾತು. “ಇದಕ್ಕೆ ಬೇಕಿರೋದು ಇಪ್ಪತ್ತಾರು ಪಾಯಿಂಟ್ ಎಂಟು. ನೀವು ಕೊಟ್ಟಿರೋದು ಇಪ್ಪತ್ತೇಳು ಪಾಯಿಂಟ್ ಎರಡು. ಉಜ್ಜಬೇಕಾಗಿರೋದು ಕಂಬಾನಲ್ಲ, ನಿಮ್ಮ ಕನ್ನಡಕಾನ,” ಎಂದು ವಾಪಸು ಕೊಟ್ಟು ಬಂದಳು. ಹಿಂದಿನ ಚಕ್ರ ಸಿಕ್ಕಿದರೆ ಅದರ ಆಕ್ಸಲ್ ಅಗಲ, ಬ್ರೇಕು ಸಿಕ್ಕಿದರೆ ಅದರ ತೋಳು ಗಿಡ್ಡ. ಊರಿನ ಗುಜರಿಗಳನ್ನೆಲ್ಲ ಜಾಲಾಡಿ, ಒಂದೊಂದಾಗಿ ಎಲ್ಲವನ್ನೂ ಜೋಡಿಸಿದಳು. ಉಳಿದದ್ದು ಒಂದೇ ಕೆಲಸ. ಪೆಡಲಿನ ಆಕ್ಸಲ್ ಕೂರುವ ಗೂಡಿನ ಎರಡು ಬದಿಗೂ ತಿರುಪಿನಂತೆ ಕೂರುವ ಎರಡು ಉಕ್ಕಿನ ಮುಚ್ಚಳಗಳಿದ್ದವು, ಬಲಗಡೆಯದು ಅಲುಗುತ್ತಿರಲಿಲ್ಲ. ಅದಕ್ಕೆ ದಿನವೂ ಎಣ್ಣೆ ಬಿಟ್ಟು, ಅದರ ಮನಸ್ಸು ಕರಗಲಿ ಎಂದು ಕಾಯುತ್ತಿದ್ದಳು.

ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋದ ದಿನ ಭಾವನಿಗೆ ಸಹಾಯ ಮಾಡುವ ಬುದ್ಧಿ ಬಂತು. ಫ್ರೇಮನ್ನು ಪೈಪ್ ವೈಸಿಗೆ ಕಚ್ಚಿಸಿ, ದೊಡ್ಡ ಪೈಪ್ ರೆಂಚು ಹಾಕಿ, ರೆಂಚಿನ ಹಿಡಿಗೆ ಒಂದಾಳುದ್ದದ ಪೈಪು ತೂರಿಸಿ, ಇಡೀ ಮೈಭಾರ ಬಿಟ್ಟರು. ಅವಳು ಊದಿದ ಕೆನ್ನೆಯೊಂದಿಗೆ ವಾಪಸು ಬಂದಾಗ ಮುಚ್ಚಳ ನೆಲದ ಮೇಲಿತ್ತು.

“ನೋಡಮ್ಮ, ಎಣ್ಣೆ ಹಾಕ್ಕೊಂಡು ಕೂತಿದ್ದೆಯಲ್ಲ. ನನಗೆ ಐದು ನಿಮಿಷದ ಕೆಲಸ,” ಎಂದರು ಭಾವ.

ಅವಳು ಗೂಡಿನೊಳಗೆ ಬೆರಳಿಟ್ಟಳು. ಥ್ರೆಡ್ಡಿನ ಸುತ್ತುಗೆರೆ ಇರಬೇಕಾದ ಕಡೆ ನುಣ್ಣಗಿತ್ತು, ಬೆರಳಿಗೆ ಉಕ್ಕಿನ ಸಿಬಿರು ಹತ್ತಿತು.

“ಯಾವ ಕಡೆ ತಿರುಗಿಸಿದ್ರಿ ಭಾವ?”

“ಇದೆಂಥ ಪ್ರಶ್ನೆ. ಎಡಕ್ಕೆ. ಪ್ರಪಂಚದಲ್ಲಿ ಏನೇ ಇರಲಿ, ಬಿಚ್ಚೋದು ಎಡಕ್ಕೇ.”

“ಬಲಗಡೆಯದಕ್ಕೆ ಉಲ್ಟಾ ಥ್ರೆಡ್ ಇರುತ್ತೆ, ತುಳಿಯುವಾಗ ಸಡಿಲ ಆಗಬಾರದು ಅಂತ. ವೆಲ್ಡಿಂಗ್ ಗ್ಯಾಸಿನ ನಟ್ಟು ಉಲ್ಟಾ ಅಲ್ವಾ, ಹಾಗೆ. ನೀವು ಬಿಚ್ಚಿಲ್ಲ, ಇನ್ನೂ ಬಿಗಿದು ಬಿಗಿದು ಕಿತ್ತಿದ್ದೀರಿ.”

ಭಾವ ಒಂದು ಗಳಿಗೆ ಮುಚ್ಚಳವನ್ನು ನೋಡಿದರು. ಆಮೇಲೆ ಗಿರಾಕಿಗಳಿಗೂ ಕೇಳುವಂತೆ, “ತುಕ್ಕು ಕಣಮ್ಮ, ಒಳಗೆಲ್ಲ ತುಕ್ಕು. ಹೊಸ ಸೈಕಲ್ ಕೊಡಿಸ್ತೀನಿ ಬಿಡು,” ಎಂದರು. ಅಷ್ಟಕ್ಕೇ ಬಿಡಲಿಲ್ಲ. ನಲ್ಲಿ ಸೋರದಂತೆ ಸುತ್ತುವ ಟೆಫ್ಲಾನ್ ಟೇಪನ್ನು ಮುಚ್ಚಳಕ್ಕೆ ಸುತ್ತಿ ಗೂಡಿಗೆ ಒತ್ತಿ, “ಈಗ ನೋಡು, ಹನಿ ಸೋರಲ್ಲ,” ಎಂದರು.

“ಸೈಕಲ್ಲಲ್ಲಿ ನೀರು ಹರಿಯಲ್ಲ ಭಾವ,” ಎಂದಳು. ಅವಳಿಗೆ ಅಳು ಬಂದಿತ್ತು, ಆದರೆ ಅಳುವುದಕ್ಕಿಂತ ಸಿಟ್ಟೇ ಮುಂದಿತ್ತು. “ನನಗೆ ಹೊಸದು ಬೇಡ. ಇದನ್ನೇ ಹತ್ತಿಸ್ತೀನಿ. ಇದು ಟ್ಯಾಂಕಿನ ತನಕ ಹೋದ ದಿನ, ಇಲ್ಲೇ ಗಿರಾಕಿಗಳ ಮುಂದೆ, ಎಡಕ್ಕೆ ತಿರುಗಿಸಿದ್ದು ನಾನು ಅಂತ ನೀವು ಹೇಳಬೇಕು.”

“ಹತ್ತಿಸು, ಹೇಳ್ತೀನಂತೆ,” ಎಂದು ಭಾವ ನಕ್ಕರು. “ಹತ್ತಲಿಲ್ಲ ಅಂದ್ರೆ ಗುಜರಿಗೆ. ಗೋದಾಮಲ್ಲಿ ಜಾಗ ಬೇಕು ನನಗೆ.”

ಗಂಡ ಅಣ್ಣನ ಮುಂದೆ ತುಟಿ ಬಿಚ್ಚುವವನಲ್ಲ. ರಾತ್ರಿ ಊಟಕ್ಕೆ ಕೂತಾಗ, “ಅಣ್ಣನ ಹತ್ರ ಯಾಕೆ ಹಟ? ದೊಡ್ಡವರು,” ಎಂದ.

“ದೊಡ್ಡವರಾದ್ರೆ ಥ್ರೆಡ್ ಅವರ ಕಡೆ ತಿರುಗುತ್ತಾ?” ಎಂದು ಅವಳು ಅವನ ತಟ್ಟೆಗೆ ಬಡಿಸಿದಳು.

ಸೈಕಲ್ ಅಂಗಡಿಗಳಲ್ಲಿ ಒಂದೇ ಉತ್ತರ: ಥ್ರೆಡ್ ಹೋದ ಮೇಲೆ ಫ್ರೇಮು ಹೆಣ, ಹೊರಬೇಕು ಅಷ್ಟೇ. ಅವಳು ಒಪ್ಪಲಿಲ್ಲ. ಥ್ರೆಡ್ಡಿಲ್ಲದ ಪೈಪನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಕಪ್ಲಿಂಗುಗಳನ್ನು ಅವಳೇ ಕೈಯಾರೆ ದಿನವೂ ಮಾರುತ್ತಿದ್ದಳು. ಪೈಪಿಗೆ ಇರುವ ಉಪಾಯ ಸೈಕಲ್ಲಿಗೆ ಯಾಕಿರಬಾರದು? ಹೀಗೆ ಕೇಳುತ್ತ ಕೇಳುತ್ತ ಸೈಕಲ್ ತಳ್ಳಿಕೊಂಡು ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿಗೆ ಹೋದಳು. ಅಲ್ಲಿದ್ದವರನ್ನು ಎಲ್ಲರೂ ಬೇರಿಂಗ್ ತಾತ ಎನ್ನುತ್ತಿದ್ದರು. ಒಂದು ಕಾಲದಲ್ಲಿ ರೇಸಿನ ಸೈಕಲ್ ರಿಪೇರಿ ಮಾಡಿದವರು. ಈಗ ಏನನ್ನೂ ಮಾರುತ್ತಿರಲಿಲ್ಲ. ಹಳೆಯ ಭಾಗಕ್ಕೆ ಹಳೆಯ ಭಾಗ, ಅದೇ ಅವರ ವ್ಯಾಪಾರ.

“ಎರಡು ಕಡೆಯಿಂದ ಒಂದಕ್ಕೊಂದು ಬಿಗಿದು ಹಿಡಿಯೋ ಅಂಥದ್ದು. ಸೈಕಲ್ಲಿಗೂ ಯಾರಾದ್ರೂ ಮಾಡಿರಲೇಬೇಕು ತಾತ.”

“ಮಾಡಿರಲೇಬೇಕು ಅಂತ ನಿನಗೆ ಯಾರಮ್ಮ ಹೇಳಿದ್ದು?”

“ನಮ್ಮ ಭಾವನಂಥವರು ಎಲ್ಲಾ ದೇಶದಲ್ಲೂ ಇರ್ತಾರಲ್ಲ.”

ತಾತ ಕೆಮ್ಮು ಬರುವಷ್ಟು ನಕ್ಕರು. ಬೆಂಚಿನ ಕೆಳಗಿನ ಬಿಸ್ಕತ್ತು ಡಬ್ಬಿಯಿಂದ, ಗ್ರೀಸು ಮೆತ್ತಿದ ಬಟ್ಟೆಯಲ್ಲಿ ಸುತ್ತಿದ್ದ, ಥ್ರೆಡ್ ಬೇಡದ ಅಂಥದೇ ಒಂದು ಆಕ್ಸಲ್ ತೆಗೆದರು. ಆಮೇಲೆ ಅವಳ ಹ್ಯಾಂಡಲಿನ ಮೇಲೆ ಕಣ್ಣು ಹಾಯಿಸಿ, “ಎಡಗಡೆ ಗೇರಿನ ಲಿವರ್ ಕೊಟ್ಟುಬಿಡು. ಅಷ್ಟು ಚೆನ್ನಾಗಿರೋದು ಎಲ್ಲೂ ಇಲ್ಲ,” ಎಂದರು.

ಅದನ್ನು ಕೊಟ್ಟರೆ ಮುಂದಿನ ಹಲ್ಲುಚಕ್ರ ಬದಲಿಸಲಾಗುವುದಿಲ್ಲ, ಚೈನು ಯಾವಾಗಲೂ ಚಿಕ್ಕದರ ಮೇಲೇ ಇರುತ್ತದೆ. ಆ ಲಿವರ್ ಅವಳ ಹೆಬ್ಬೆರಳಿಗೆ ಹುಡುಗಿಯಾಗಿದ್ದಾಗಿನಿಂದ ಗೊತ್ತಿತ್ತು.

“ತಗೊಳ್ಳಿ ತಾತ. ಗುಡ್ಡ ಹತ್ತೋಕೆ ಚಿಕ್ಕದೇ ಸಾಕು,” ಎಂದು ತಾನೇ ಬಿಚ್ಚಿ ಕೊಟ್ಟಳು.

ಗಂಡ ಫ್ರೇಮು ಹಿಡಿದ, ಅವಳು ಬಿಗಿದಳು. ತಾತ ಕೊಟ್ಟ ಆಕ್ಸಲ್ ಗೂಡಿನಲ್ಲಿ ಗಟ್ಟಿಯಾಗಿ ಕೂತಿತು. ಮರುದಿನ ಬೆಳಿಗ್ಗೆ ಅಂಗಡಿ ತೆಗೆದು, ಕೌಂಟರಿನ ಬೀಗದ ಕೈ ಭಾವನ ಮುಂದಿಟ್ಟು ಹೊರಟಳು. ಓರಗಿತ್ತಿ ಬಾಗಿಲಿಗೆ ಬಂದು, “ಮೊಮ್ಮಕ್ಕಳನ್ನ ಎತ್ತೋ ವಯಸ್ಸಲ್ಲಿ ಇದೇನೇ,” ಎಂದಳು.

“ಮೊಮ್ಮಕ್ಕಳು ಹುಟ್ಟಲಿ, ಹಿಂದೆ ಕೂರಿಸ್ಕೊಂಡು ಹೋಗ್ತೀನಿ ಅಕ್ಕ.”

ಗುಡ್ಡ ಅಂದಿನದೇ, ಮೊಣಕಾಲು ಮಾತ್ರ ಅಂದಿನದಲ್ಲ. ಎರಡನೆಯ ತಿರುವಿನಲ್ಲಿ ಕಾಲು ನೆಲಕ್ಕೆ ಬಿತ್ತು. ಬಿದ್ದರೆ ಬೀಳಲಿ ಎಂದು ಉಸಿರು ಕೂಡಿಸಿ ಮತ್ತೆ ತುಳಿದಳು. ಪ್ರತಿ ತುಳಿತಕ್ಕೂ ಕಿವಿ ಕೆಳಗಿನ ಗೂಡಿನ ಮೇಲಿತ್ತು. ಕಿರ್ ಎನ್ನಲಿಲ್ಲ, ಕಟ್ ಎನ್ನಲಿಲ್ಲ. ಕಡೆಯ ಏರಿನಲ್ಲಿ ಕಣ್ಣಿಗೆ ಕತ್ತಲು ಬಂದರೂ ಇಳಿಯಲಿಲ್ಲ. ಅಂಗಡಿಯ ಬಾಗಿಲಿನಿಂದ ಟ್ಯಾಂಕಿನ ಬುಡ ಕಾಣುತ್ತದೆ. ಅವಳು ಅಲ್ಲಿ ನಿಂತು ಸೈಕಲ್ಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಳು.

ಇಳಿದು ಬಂದಾಗ ಅಂಗಡಿಯ ಮುಂದೆ ಏಳೆಂಟು ಗಿರಾಕಿಗಳು ಸಾಮಾನಿಗಾಗಿ ಕಾಯುತ್ತಿದ್ದರು. ಅವಳು ಸೀಟಿನಿಂದ ಇಳಿಯಲಿಲ್ಲ.

“ಹೇಳಿ ಭಾವ.”

“ಏನು ಹೇಳೋದು… ಹತ್ತಿದೆ, ಸಂತೋಷ. ಆದ್ರೂ ಆ ಫ್ರೇಮಿನೊಳಗೆ ತುಕ್ಕು…”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅವಳು ಹ್ಯಾಂಡಲ್ ತಿರುಗಿಸಿದಳು.

“ಇನ್ನೊಂದು ಸಲ ಹತ್ತಿ ಬರ್ತೀನಿ. ನಿಧಾನವಾಗಿ ನೆನಪು ಮಾಡ್ಕೊಳ್ಳಿ.”

“ಕೌಂಟರಿಗೆ ಯಾರಮ್ಮ?”

“ಪೈಪಿಗೆ ಹೇಳಿ. ತಪ್ಪು ಹೊರೋದಕ್ಕೆ ಬರುತ್ತೆ ಅಂದ ಮೇಲೆ ಬಿಲ್ಲು ಬರೆಯೋದಕ್ಕೂ ಬರುತ್ತೆ.”

ಗಿರಾಕಿಗಳು ನಕ್ಕರು. ಅವರ ನಡುವೆ ಗಂಡನ ನಗುವೂ ಕೇಳಿತು. ಅಣ್ಣನ ಮುಂದೆ ಅವನು ನಕ್ಕದ್ದು ಅದೇ ಮೊದಲು. ಅವಳು ತುಳಿದಳು. ಹಿಂದಿನಿಂದ ಯಾರೋ ಮುಕ್ಕಾಲು ಇಂಚಿನ ಎಲ್ಬೋ ಕೇಳಿದರು, ಭಾವ ಯಾವುದೋ ಡಬ್ಬಿ ಎಳೆದು ಚೆಲ್ಲಿದ ಸದ್ದಾಯಿತು. ಅವಳು ಬೀದಿಯ ತುದಿ ತಲುಪುವಷ್ಟರಲ್ಲಿ ಭಾವ ಹೊರಗೆ ಓಡಿ ಬಂದು, ಇಡೀ ಬೀದಿಗೆ ಕೇಳುವಂತೆ ಕೂಗಿದರು: “ನಾನೇ ಕಣಮ್ಮ ಎಡಕ್ಕೆ ತಿರುಗಿಸಿದ್ದು, ತುಕ್ಕೂ ಇಲ್ಲ ಏನೂ ಇಲ್ಲ, ನಾನೇ. ಬಾ ಇನ್ನು.”

ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಬ್ರೇಕಿನ ಮೇಲಿದ್ದ ಬೆರಳುಗಳನ್ನು ತೆಗೆದು ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಗುಡ್ಡದ ಕಡೆ ತುಳಿದಳು.